ಆರ್ವಿಲ್ಲಾ ಆಡದ ಮಾತು

ಚಿತ್ರ ಟೀವಿಗೆ ಬಂದ ವಾರದಲ್ಲೇ ಡೆಲ್ಮಾರ್ ಬೆಕ್‌ಸ್ಟ್ರಾಂಡನ ಹಿಂಡಿ-ಬೂಸಾ ಅಂಗಡಿಯ ಗಾಜು ಪುಡಿಯಾಯಿತು. ಯಾರೋ ಹೊರಗಿನವರು ಕಾರು ನಿಲ್ಲಿಸಿ ಕಲ್ಲು ತೂರಿ, ತೂರಿದ್ದನ್ನು ಫೋನಿನಲ್ಲಿ ಹಿಡಿದುಕೊಂಡೂ ಹೋಗಿದ್ದರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಕೊಲೆಗಾರ ಬಿಷಪ್' ಎಂದು ಬರೆದಿತ್ತು.

ಆರ್ವಿಲ್ಲಾ ಥಾರ್ಲಿಯ ಮನೆ ಅಲ್ಲಿಂದ ಕೂಗಳತೆಯ ದೂರ. ಸುದ್ದಿ ಕೇಳಿದವಳೇ ಪೊರಕೆ ಹಿಡಿದುಕೊಂಡು ಹೋದಳು. ಅಂಗಡಿಯ ಮುಂದೆ ಡೆಲ್ಮಾರನ ಹೆಂಡತಿ ನೆಡ್ರಾ ಗಾಜಿನ ಚೂರು ಗುಡ್ಡೆ ಮಾಡುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬಳ ಬಾಣಂತನಕ್ಕೆ ಇನ್ನೊಬ್ಬಳು ನಿದ್ದೆಗೆಟ್ಟವಳು.

"ಯಾಕೆ ಬಂದೆ?" ಎಂದಳು ನೆಡ್ರಾ, ತಲೆ ಎತ್ತದೆ.

"ಗುಡಿಸೋಕೆ ಕೈ ಹಾಕೋಣ ಅಂತ."

"ನೀನು ಗುಡಿಸಿದ್ದು ಸಾಕು ಕಣೇ. ನನ್ನ ಗಂಡನ ಮಾನ ಪೂರ್ತಿ ಗುಡಿಸಿ ಬೀದಿಗೆ ಹಾಕಿದ್ದೀಯಲ್ಲ, ಇನ್ನೇನು ಉಳಿದಿದೆ?"

"ನೆಡ್ರಾ, ಆಣೆಗೂ ನಾನು ಹಾಗೆ ಹೇಳಿಲ್ಲ."

"ನಿನ್ನದೇ ಬಾಯಿ, ನಿನ್ನದೇ ದನಿ. ಇಡೀ ಅಮೆರಿಕ ಕೇಳಿದೆ. ನಾನೊಬ್ಬಳು ಕಿವುಡಿಯಾಗಿಬಿಡ್ಲಾ?"

ಆರ್ವಿಲ್ಲಾ ಬಾಯಿ ತೆರೆದಳು. ನೆಡ್ರಾ ಕೈಯಲ್ಲಿದ್ದ ಮೊರವನ್ನು ಅವಳ ಕಾಲ ಬುಡಕ್ಕೇ ಬಿಸಾಡಿದಳು. ಚೂರುಗಳು ಚೆಲ್ಲಾಡಿದವು. ಅಂಗಡಿಯೊಳಗೆ ಮೂಟೆಗಳ ನಡುವೆ ನಿಂತಿದ್ದ ಡೆಲ್ಮಾರ್ ಇಬ್ಬರನ್ನೂ ನೋಡಿದ. ಆರ್ವಿಲ್ಲಾ ಪೊರಕೆಯೊಂದಿಗೆ ಬಂದ ದಾರಿ ಹಿಡಿದಳು.

ಆರ್ವಿಲ್ಲಾಳ ಮಗಳು ಜಾನಲೀಯನ್ನು ಅವಳ ಗಂಡ ರಸ್ಟಿನ್ ಗುಂಡಿಟ್ಟು ಕೊಂದು ಆಗ ಎರಡು ವರ್ಷ ಕಳೆದಿತ್ತು. ಅದರಲ್ಲಿ ಬಿಡಿಸಬೇಕಾದ ಒಗಟೇನೂ ಇರಲಿಲ್ಲ. ರಸ್ಟಿನ್ ಹೊಡೆಯುತ್ತಿದ್ದ. ಜಾನಲೀ ತಾಯಿಗೂ ಹೇಳದೆ ಒಂದು ಸಂಜೆ ಬಿಷಪ್ ಡೆಲ್ಮಾರನ ಬಳಿ ಹೋಗಿ ಅತ್ತಳು. ಅವರ ಧರ್ಮದಲ್ಲಿ ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ, ಊರಿನವರಲ್ಲೇ ಒಬ್ಬ; ವಾರವಿಡೀ ಹಿಂಡಿ ಮಾರಿ ಭಾನುವಾರ ಟೈ ಕಟ್ಟಿಕೊಂಡು ಸಭೆ ನಡೆಸುವ ಮನುಷ್ಯ ಅವನು. ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ತನ್ನ ಟ್ರಕ್ಕು ತೆಗೆದುಕೊಂಡು ಹೋಗಿ ಅವಳ ಬಟ್ಟೆಬರೆಯನ್ನೆಲ್ಲ ಹೇರಿ, ಅವಳನ್ನು ತಾಯಿಯ ಮನೆ ಮುಟ್ಟಿಸಿದ. ಪೋಲೀಸ್ ಅಧಿಕಾರಿ ಶೆರಿಫನಿಗೂ ತಾನೇ ಫೋನ್ ಮಾಡಿದ. ಕೆಲವು ವಾರಗಳ ಮೇಲೆ ರಸ್ಟಿನ್ ಮನೆ ಮುಂದೆ ಬಂದು, ಕಣ್ಣೀರು ಹಾಕಿ, ಒಂದೇ ಒಂದು ಮಾತಾಡಬೇಕೆಂದು ಅವಳನ್ನು ಹೊರಗೆ ಕರೆದ. ಅವಳು ಹೋದಳು. ಅಷ್ಟೇ. ರಸ್ಟಿನ್ ತಪ್ಪೊಪ್ಪಿಕೊಂಡು ಜೈಲು ಸೇರಿದ. ಇನ್ನು ಅವನು ಹೊರಗೆ ಬರುವ ಮಾತಿಲ್ಲ.

ಆಮೇಲೆ ಬಂದವಳು ಸಾಕ್ಷ್ಯಚಿತ್ರ ತೆಗೆಯುವ ಕೊರಿನ್ ಹಾಲ್ವಿ, ಲಾಸ್ ಏಂಜಲೀಸಿನಿಂದ. ಮೊದಲು ಫೋನು, ಆಮೇಲೆ ಹೂವು, ಆಮೇಲೆ ಕ್ಯಾಮರಾದವರು. ಜಾನಲೀಯನ್ನು ಜನ ಮರೆಯಬಾರದು, ಅವಳು ಹೇಗಿದ್ದಳೆಂದು ಜಗತ್ತಿಗೆ ಹೇಳೋಣ ಎಂದಳು. ಮಗಳ ಹೆಸರೆತ್ತಿದರೆ ಊರಿನವರು ಮಳೆ-ಬಿಸಿಲಿನ ಮಾತಿಗೆ ಹೊರಳುತ್ತಿದ್ದ ಕಾಲ ಅದು. ಕೊರಿನ್ ಆದರೋ ಅವಳ ಹೆಸರನ್ನು ಮತ್ತೆ ಮತ್ತೆ ಕೇಳಿದಳು, ಶಾಲೆಯ ಫೋಟೋಗಳನ್ನು ಒಂದೊಂದಾಗಿ ನೋಡಿದಳು, ಆರ್ವಿಲ್ಲಾಳ ಕೈ ಹಿಡಿದು ಅತ್ತಳು ಕೂಡ. ಧರ್ಮದ ಕಟ್ಟಳೆಯಂತೆ ಕಾಫಿ ಮುಟ್ಟದ ಆ ಮನೆಯಲ್ಲಿ ಪೆಟ್ರೋಲ್ ಬಂಕಿನಿಂದ ತಂದ ಕಾಫಿಯ ಲೋಟಗಳನ್ನು ಮೇಜಿನ ತುಂಬ ಇಟ್ಟುಕೊಂಡು ಆ ಜನ ಎರಡು ದಿನ ಕೂತರು. ಆರ್ವಿಲ್ಲಾ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿದಳು. ಜುಲೈ ಇಪ್ಪತ್ತನಾಲ್ಕರಂದು ಊರಿಗೂರೇ ಹಳೇ ಕಾಲದ ಉದ್ದ ಲಂಗ, ಬಟ್ಟೆಯ ಟೋಪಿ ತೊಟ್ಟು, ಪೂರ್ವಿಕರು ಈ ಸೀಮೆಗೆ ನಡೆದು ಬಂದ ನೆನಪಿಗೆ ಕೈಗಾಡಿ ಎಳೆಯುವಾಗ, ಅವಳು ಎಳೆಯುವುದನ್ನೂ ಚಿತ್ರ ಹಿಡಿದರು. "ನೆನಪಿಗಿರಲಿ," ಎಂದಿದ್ದಳು ಕೊರಿನ್.

ಟೀವಿಯಲ್ಲಿ ಬಂದದ್ದು ಹೀಗೆ. ಧೂಳಿನ ದಾರಿಯಲ್ಲಿ ಉದ್ದ ಲಂಗ ತೊಟ್ಟು ಆರ್ವಿಲ್ಲಾ ಒಬ್ಬಳೇ ನಡೆಯುತ್ತಾಳೆ. ಕೈಗಾಡಿ ಇಲ್ಲ, ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಮಕ್ಕಳಿಲ್ಲ. ಆ ಊರಿನ ಹೆಂಗಸರ ನಿತ್ಯದ ಉಡುಪೇ ಅದೇನೋ ಎಂಬಂತೆ. ಹಿಂದೆ ಪಿಟೀಲಿನ ಗೋಳು. ಆಮೇಲೆ ಅವಳ ದನಿ: "ತಾಳ್ಮೆಯಿಂದಿರು, ಪ್ರಾರ್ಥನೆ ಮಾಡು, ಗಂಡನ ಮನಸ್ಸು ತಿರುಗುತ್ತೆ ಅಂದ್ರು." ಆ ಮಾತು ಕೇಳುತ್ತಿರುವಾಗ ಪರದೆಯ ಮೇಲೆ ಡೆಲ್ಮಾರನ ಮುಖ, ಭಾನುವಾರದ ಟೈ ಸಮೇತ, ಮೆಲ್ಲಗೆ ದೊಡ್ಡದಾಗುತ್ತ ಬಂತು.

ಅವಳು ನಿಜಕ್ಕೂ ಹೇಳಿದ್ದು ಬೇರೆ. "ರಸ್ಟಿನ್‌ನ ತಾಯಿ ಫೋನ್ ಮಾಡಿ, ತಾಳ್ಮೆಯಿಂದಿರು, ಪ್ರಾರ್ಥನೆ ಮಾಡು, ಗಂಡನ ಮನಸ್ಸು ತಿರುಗುತ್ತೆ ಅಂದ್ರು. ಬಿಷಪ್‌ಗೆ ಅದನ್ನ ಕೇಳಿ ರೇಗಿಹೋಯ್ತು. ಇವತ್ತೇ ಬಟ್ಟೆ ಕಟ್ಟು ಮಗಳೇ ಅಂದ್ರು." ಅದರ ತಲೆಯನ್ನೂ ಬಾಲವನ್ನೂ ಕತ್ತರಿಸಿ ನಡುವಿನದನ್ನಷ್ಟೇ ಉಳಿಸಿದ್ದರು.

ಚಿತ್ರ ಎಲ್ಲೆಲ್ಲೋ ಓಡಿತು. ಕಂಡು ಕೇಳರಿಯದವರು ಆರ್ವಿಲ್ಲಾಳ ಬಾಗಿಲಿಗೆ ಹೂಗುಚ್ಛ ತಂದಿಟ್ಟರು, 'ಪಂಥವನ್ನು ಎದುರಿಸಿದ ಧೀರ ತಾಯಿ' ಎಂದು ಬರೆದರು. ಅವಳ ತಮ್ಮ ವರ್ಲನ್‌ನ ಮಗಳು ಆಗ ಓಹಾಯೋದಲ್ಲಿ ಧರ್ಮಪ್ರಚಾರದ ಸೇವೆಯಲ್ಲಿದ್ದಳು. ಅವಳು ಮನೆಮನೆಯ ಬಾಗಿಲು ತಟ್ಟಿದರೆ, "ಓಹೋ, ಹೆಂಡ್ತಿಯರನ್ನ ಸಾಯೋಕೆ ಬಿಡೋ ಗುಂಪಿನವರಾ? ನಿಮ್ಮಪ್ಪಂಗೆ ಎಷ್ಟು ಜನ ಹೆಂಡ್ತಿಯರು?" ಎಂದು ಅವರ ಧರ್ಮದಲ್ಲಿ ಹಿಂದೆಂದೋ ಇದ್ದ ಬಹುಪತ್ನಿತ್ವವನ್ನೆತ್ತಿ ಹಂಗಿಸಿ ಮುಖಕ್ಕೆ ಬಾಗಿಲು ಬಡಿಯುತ್ತಿದ್ದರಂತೆ. ಒಬ್ಬ ನಾಯಿಯನ್ನೇ ಬಿಟ್ಟನಂತೆ. ಹುಡುಗಿ ಅಪ್ಪನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತಳು. ವರ್ಲನ್ ಬಂದು ಅಕ್ಕನಿಗೆ ಹೇಳಿದ.

"ನಂಗೆ ಯಾಕೆ ಹೇಳ್ತೀಯ ಇದನ್ನ?" ಎಂದಳು ಆರ್ವಿಲ್ಲಾ.

"ಯಾಕೇಂದ್ರೆ ನಾಯಿಗೆ ಹೇಳಿದ್ರೆ ಅರ್ಥ ಆಗಲ್ಲ," ಎಂದ ವರ್ಲನ್. ಟರ್ಕಿ ಕೋಳಿ ಸಾಕುವ ಅವನ ಬಾಯಿ ಯಾವಾಗಲೂ ಹಾಗೆಯೇ. "ಅಕ್ಕ, ಕ್ಯಾಮರಾದವರನ್ನ ಮನೆಯೊಳಗೆ ಬಿಡಬೇಡ ಅಂತ ಬಡ್ಕೊಂಡೆ. ಕೋಳಿ ಗೂಡಿಗೆ ನರೀನ ಕರೆದು ಕುರ್ಚಿ ಹಾಕಿದೆ ನೀನು."

ಆರ್ವಿಲ್ಲಾ ಮನೆಯ ಗ್ಯಾರೇಜಿನಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು. ಕನ್ನಡಿಯ ಮುಂದಿನ ಕುರ್ಚಿಗಳು ಖಾಲಿ ಬಿದ್ದವು. ವರ್ಷಾನುಗಟ್ಟಲೆ ಬರುತ್ತಿದ್ದವರು ಇಪ್ಪತ್ತು ಮೈಲಿ ದೂರದ ಊರಿಗೆ ಹೋಗಿ ಕತ್ತರಿಸಿಕೊಂಡು ಬಂದು, ಅವಳ ಮನೆಯ ಮುಂದೆಯೇ ಹೊಸ ಕೂದಲು ಬೀಸಿಕೊಂಡು ನಡೆದರು. ಭಾನುವಾರ ಸಭೆಯಲ್ಲಿ ಅವಳು ಕೂತ ಬೆಂಚಿಗೆ ಇನ್ನೊಬ್ಬರು ಬರುತ್ತಿರಲಿಲ್ಲ. "ಸಿಸ್ಟರ್ ಥಾರ್ಲಿ, ನಿಮಗೋಸ್ಕರ ಪ್ರಾರ್ಥಿಸ್ತಿದ್ದೀವಿ," ಎಂದು ಒಬ್ಬಳು ನಕ್ಕಳು. ಆ ನಗುವಿಗಿಂತ ಕಪಾಳಕ್ಕೆ ಹೊಡೆದಿದ್ದರೆ ಮೇಲಿತ್ತು.

ಕೊರಿನ್‌ಗೆ ಫೋನ್ ಮಾಡಿದಳು. ಹಲವು ಸಲ ಯಾರೂ ಎತ್ತಲಿಲ್ಲ. ಕೊನೆಗೊಂದು ದಿನ ಅವಳೇ ಎತ್ತಿದಳು.

"ಆರ್ವಿಲ್ಲಾ! ಹೇಗಿದ್ದೀರಿ? ನೋಡಿದ್ರಾ ಜನ ನಿಮ್ಮನ್ನ ಎಷ್ಟು ಪ್ರೀತಿಸ್ತಿದ್ದಾರೆ ಅಂತ?"

"ನಾನು ಆಡದ ಮಾತಿಗೆ ಪ್ರೀತಿಸ್ತಿದ್ದಾರೆ. ಅದು ರಸ್ಟಿನ್‌ನ ತಾಯಿ ಹೇಳಿದ್ದು ಅಂತ ಹೇಳಿದ್ದೆ ನಾನು. ಅದೆಲ್ಲಿ ಹೋಯ್ತು?"

"ನೋಡಿ, ನಿಮ್ಮ ಬಾಯಿಂದ ಬರದೇ ಇದ್ದ ಒಂದು ಪದಾನೂ ನಾವು ಸೇರಿಸಿಲ್ಲ."

"ಸೇರಿಸಿಲ್ಲ. ಕಿತ್ತಿದ್ದೀರಿ."

"ಗಂಟೆಗಟ್ಟಲೆ ಮಾತಾಡಿದ್ರಿ ನೀವು. ಎಲ್ಲಾ ಹಾಕೋಕಾಗುತ್ತಾ? ಇದು ಒಬ್ಬ ಮನುಷ್ಯನ ಕತೆ ಅಲ್ಲ, ಆರ್ವಿಲ್ಲಾ. ಒಂದು ವ್ಯವಸ್ಥೆಯ ಕತೆ. ಬೇರೆ ಎಷ್ಟೋ ಹೆಂಗಸರಿಗೆ ಅವರ ಬಿಷಪ್‌ಗಳು ಹಾಗೇ ಹೇಳಿದ್ದಾರೆ."

"ಹಾಗಿದ್ರೆ ಆ ಬಿಷಪ್‌ಗಳ ಮುಖ ಹಾಕಬೇಕಿತ್ತು. ಇವನ ಅಂಗಡಿ ಗಾಜು ಯಾಕೆ ಒಡೆಸಿದೆ? ನನ್ನ ಮಗಳ ಸಾಮಾನು ಹೊತ್ತ ಕೈ ಅದು!"

ಆ ಕಡೆ ಕೊರಿನ್‌ಳ ದನಿ ಮೆತ್ತಗಾಯಿತು, ಜ್ವರ ಬಂದ ಮಗುವಿನೊಂದಿಗೆ ಮಾತಾಡುವ ಹಾಗೆ. "ಊರಿನವರು ನಿಮ್ಮ ಮೇಲೆ ಒತ್ತಡ ಹಾಕ್ತಿದ್ದಾರಾ? ಹೇಳಿ. ಬೇಕಿದ್ರೆ ಅದನ್ನೂ ಚಿತ್ರ ಹಿಡೀಬಹುದು."

ಆರ್ವಿಲ್ಲಾ ಬೈದ ಬೈಗುಳ ಅವಳ ಬಾಯಿಂದ ಹಿಂದೆಂದೂ ಬಂದದ್ದಲ್ಲ. ಫೋನಿಟ್ಟ ಮೇಲೆ ತಾನೇ ಬೆಚ್ಚಿ ಕೂತಳು.

ಸುತ್ತಲಿನ ಊರುಗಳ ಸಭೆಗಳಿಗೆಲ್ಲ ಹಿರಿಯನಾಗಿ 'ಪ್ರೆಸಿಡೆಂಟ್' ಎನಿಸಿಕೊಂಡಿದ್ದ ಲಾಮೋಂಟ್ ಟಟಲ್ ಒಂದು ಮಧ್ಯಾಹ್ನ ಮನೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಲ್ಲು ಕಾಣದ ನಗು. ಜಾನಲೀ ಸತ್ತಾಗ ಅವನು ಬಂದಿರಲಿಲ್ಲ.

"ಸಿಸ್ಟರ್ ಥಾರ್ಲಿ, ಮೌನವೇ ಮದ್ದು. ನಾವು ಉತ್ತರ ಕೊಟ್ಟಷ್ಟೂ ಅದು ಬೆಳೆಯುತ್ತೆ. ನೀವು ಪತ್ರಿಕೆಯವರಿಗೆ, ಟೀವಿಯವರಿಗೆ ಇನ್ನೇನೂ ಹೇಳೋದು ಬೇಡ."

"ನಾನು ಹೇಳದೇ ಇದ್ರೆ ಡೆಲ್ಮಾರ್ ಮಾಡಿದ್ದು ಯಾರಿಗೆ ಗೊತ್ತಾಗುತ್ತೆ?"

"ದೇವರಿಗೆ ಗೊತ್ತು."

"ಗಾಜು ಒಡೆದವನು ದೇವರಲ್ಲವಲ್ಲ, ಪ್ರೆಸಿಡೆಂಟ್."

ಅವನು ಕೈಲಿದ್ದ ಟೋಪಿ ತಿರುಗಿಸಿದ. "ಬ್ರದರ್ ಬೆಕ್‌ಸ್ಟ್ರಾಂಡ್ ಅವರನ್ನ ಬಿಷಪ್ ಸೇವೆಯಿಂದ ಬಿಡುಗಡೆ ಮಾಡ್ತಿದ್ದೀವಿ. ಅವರ ಒಳ್ಳೇದಕ್ಕೇ."

"ಅವರ ಒಳ್ಳೇದಕ್ಕೋ, ನಿಮ್ಮ ಹೆಸರಿನ ಒಳ್ಳೇದಕ್ಕೋ? ಈಗ ಬಿಡಿಸಿದ್ರೆ ಆ ಚಿತ್ರ ಹೇಳಿದ್ದೇ ನಿಜ ಅಂತ ನೀವೇ ಸೀಲು ಒತ್ತಿದ ಹಾಗಾಯ್ತು!"

ಟಟಲ್ ಎದ್ದು ನಿಂತ. ಮುಂದಿನ ಭಾನುವಾರ ಡೆಲ್ಮಾರನ ಸೇವೆಗೆ ಧನ್ಯವಾದವೆಂದು ಸಭೆಯವರಿಂದ ಕೈ ಎತ್ತಿಸಿ ಅವನನ್ನು ಇಳಿಸಿದರು. ಅವನ ಜಾಗಕ್ಕೆ ವಿಮೆ ಮಾರುವವನೊಬ್ಬ ಬಂದ. ಕೈ ಎತ್ತುವಾಗ ನೆಡ್ರಾ ಹಿಂದೆ ತಿರುಗಿ ಆರ್ವಿಲ್ಲಾಳನ್ನು ನೋಡಿದ ನೋಟ, ಹಾವು ಕಂಡವರದು.

ಅದೇ ತಿಂಗಳು ಸಾಲ್ಟ್ ಲೇಕ್ ನಗರದ ಒಂದು ಸಭಾಂಗಣದಲ್ಲಿ ಆ ಚಿತ್ರವನ್ನು ಮತ್ತೆ ತೋರಿಸಿ, ಕೊರಿನ್‌ಳನ್ನು ಕರೆಸಿ, ಜನರಿಂದ ಪ್ರಶ್ನೆ ಕೇಳಿಸುತ್ತಾರೆಂದು ವರ್ಲನ್ ಪತ್ರಿಕೆಯಲ್ಲಿ ಓದಿದ. ಆರ್ವಿಲ್ಲಾ ಹೊರಟು ನಿಂತಳು.

"ಅಲ್ಲಿಗೆ ಬರೋರೆಲ್ಲ ನಮ್ಮನ್ನ ಕಂಡ್ರೆ ಉರಿದು ಬೀಳೋರು," ಎಂದ ವರ್ಲನ್.

"ಇಲ್ಲಿರೋರು ಏನು, ಆರತಿ ಎತ್ತುತ್ತಿದ್ದಾರಾ? ಗಾಡಿ ತೆಗಿ."

ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಮಗಳ ಮುಖ ಬಂದಾಗ ಆರ್ವಿಲ್ಲಾ ಕಣ್ಣು ಮುಚ್ಚಿಕೊಂಡಳು. ಡೆಲ್ಮಾರನ ಮುಖ ಬಂದಾಗ ಜನ ಥೂ ಎಂದರು. ಹಿಂದಿನ ಸಾಲಿನಲ್ಲಿ ಯಾರೋ, "ಹಂದಿ," ಎಂದರು. ದೀಪ ಹತ್ತಿತು, ಅವಳು ಕೈ ಎತ್ತಿದಳು. ಕೊರಿನ್ ಗುರುತು ಹಿಡಿದು ಒಂದು ಗಳಿಗೆ ತಡಬಡಿಸಿ, ಕೂಡಲೇ ಎದೆಯ ಮೇಲೆ ಕೈಯಿಟ್ಟಳು. "ನೋಡಿ, ನಮ್ಮ ನಡುವೆ ಯಾರಿದ್ದಾರೆ! ಜಾನಲೀಯ ತಾಯಿ!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೂ ಆರ್ವಿಲ್ಲಾ ಮೈಕು ಹಿಡಿದು ಕಾದಳು.

"ಆ ಬಿಷಪ್ ನನ್ನ ಮಗಳಿಗೆ ತಾಳ್ಮೆಯಿಂದಿರು ಅನ್ನಲಿಲ್ಲ," ಎಂದಳು. "ಮನೆ ಬಿಡು ಅಂದ. ತಾನೇ ಸಾಮಾನು ಹೊತ್ತ. ಪೋಲೀಸರಿಗೆ ಹೇಳಿದ. ಇದನ್ನೆಲ್ಲ ನಾನು ಈ ಹೆಂಗಸಿಗೆ ಹೇಳಿದ್ದೆ. ಅವಳು ಕತ್ತರಿಸಿ ಬಿಸಾಕಿದ್ಲು. ನೀವು ಆಗಲೇ ಹಂದಿ ಅಂದ್ರಲ್ಲ, ಅವನು ನನ್ನ ಮಗಳನ್ನ ಉಳಿಸೋಕೆ ನೋಡಿದ ಒಬ್ಬನೇ ಗಂಡಸು."

ನಿಂತಿದ್ದವರು ಕೂತರು. ಗುಸುಗುಸು ಎದ್ದಿತು.

"ಪಾಪ, ತಲೆ ತೊಳೆದುಬಿಟ್ಟಿದ್ದಾರೆ," ಎಂದು ಒಬ್ಬ ಗಟ್ಟಿಯಾಗಿಯೇ ಹೇಳಿದ.

"ಯಾರು ಹೇಳಿಸ್ತಿದ್ದಾರೆ ನಿಮ್ಮ ಕೈಲಿ?" ಎಂದು ಇನ್ನೊಬ್ಬ ಕೂಗಿದ. "ಪಕ್ಕದಲ್ಲಿ ಕೂತಿದ್ದಾನಲ್ಲ, ಅವನಾ ಕಾವಲಿಗೆ ಬಂದಿರೋದು?"

"ನಾನು ಕೋಳಿ ಕಾಯೋನಪ್ಪ," ಎಂದ ವರ್ಲನ್. ಯಾರೂ ನಗಲಿಲ್ಲ.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು, ಮೂವತ್ತರ ಆಸುಪಾಸು, ಮುಖ ಕೆಂಪಾಗಿತ್ತು. "ನನ್ನ ಬಿಷಪ್ ಅದೇ ಮಾತು ಹೇಳಿದ್ದ. ನನ್ನ ದವಡೆ ಮುರಿದಿತ್ತು, ಆಗಲೂ ವಾಪಸ್ ಹೋಗು ಅಂದ. ನೀವು ಇಲ್ಲಿ ಬಂದು ಅಂಥವರನ್ನ ತೊಳೆದು ಬಿಳಿ ಮಾಡ್ತೀರಾ? ನಾಚಿಕೆ ಆಗಲ್ವಾ?"

ಆರ್ವಿಲ್ಲಾ ಅವಳನ್ನೇ ನೋಡಿದಳು. ಆ ದವಡೆ ಇನ್ನೂ ಸ್ವಲ್ಪ ಸೊಟ್ಟಗಿತ್ತು. ಅವಳು ಸುಳ್ಳಾಡುತ್ತಿರಲಿಲ್ಲ.

"ನಿಂಗೆ ಆಗಿದ್ದು ನಿಜ ಇರಬಹುದು ತಾಯಿ. ನಿನ್ನ ಬಿಷಪ್‌ನ ಹೆಸರು ಹೇಳು, ನಾನೂ ಬಂದು ಅವನ ಬಾಗಿಲಲ್ಲಿ ಕೂಗ್ತೀನಿ. ಆದ್ರೆ ನಿನ್ನ ಕತೆಗೆ ನಿನ್ನ ಮುಖ ಇದೆಯಲ್ಲ. ನನ್ನ ಮಗಳ ಮುಖ ಯಾಕೆ ಕಿತ್ಕೊಂಡ್ರಿ?" ಅವಳು ಎಲ್ಲರ ಕಡೆ ತಿರುಗಿದಳು. "ನಮ್ಮ ಕಡೆಯ ದೊಡ್ಡವರೂ ಅಷ್ಟೇ. ಮಗಳು ಸತ್ತಾಗ ಬರಲಿಲ್ಲ. ಚಿತ್ರ ಬಂದಾಗ ಬಂದ್ರು, ಬಾಯಿ ಮುಚ್ಚು ಅಂದ್ರು. ಅವರಿಗೆ ಹೆಸರಿನ ಚಿಂತೆ, ನಿಮಗೆ ಚಿತ್ರದ ಚಿಂತೆ. ಜಾನಲೀ ಯಾರಿಗೂ ಬೇಡ."

ಯಾರೋ ಮೈಕು ನಿಲ್ಲಿಸಿದರು. ಹೊರಗೆ ಬರುವಾಗ ಒಬ್ಬ ಹುಡುಗಿ ಅವಳ ಮುಖಕ್ಕೆ ಫೋನು ಹಿಡಿದೇ ಬಾಗಿಲ ತನಕ ಬಂದಳು.

ಅವಳು ಮಾತಾಡಿದ ವಿಡಿಯೋ ಮರುದಿನವೇ ಊರಿಗೆ ಮುಟ್ಟಿತು. ಒಂದು ಕಡೆಯವರು 'ಬೆದರಿಕೆಗೆ ಮಣಿದ ತಾಯಿ' ಎಂದು ತಲೆಬರಹ ಹಾಕಿ ಹಂಚಿದರು. ಇನ್ನೊಂದು ಕಡೆ, ಊರಿನ ನಂಬಿಕಸ್ಥರು 'ಸತ್ಯ ನುಡಿದ ತಾಯಿ' ಎಂದು ಹಂಚಿದರು. ಅವರ ತುಣುಕು 'ಉಳಿಸೋಕೆ ನೋಡಿದ ಒಬ್ಬನೇ ಗಂಡಸು' ಎಂಬಲ್ಲಿಗೆ ಮುಗಿಯುತ್ತಿತ್ತು. ಮುರಿದ ದವಡೆಯ ಹೆಂಗಸಿಲ್ಲ, ದೊಡ್ಡವರ ಮಾತಿಲ್ಲ. ಆರ್ವಿಲ್ಲಾಳ ಗ್ಯಾರೇಜಿಗೆ ಹೆಂಗಸರು ಒಬ್ಬೊಬ್ಬರಾಗಿ ಮರಳಿದರು. ಚೀಸು ಸುರಿದು ಬೇಯಿಸಿದ ಆಲೂಗಡ್ಡೆಯ ತಟ್ಟೆಗಳು ಬಂದವು. "ನಮಗೆ ಮೊದಲಿಂದ್ಲೂ ಗೊತ್ತಿತ್ತು ಸಿಸ್ಟರ್, ನೀವು ಅಂಥವರಲ್ಲ ಅಂತ," ಎಂದರು. ಆರ್ವಿಲ್ಲಾ ಆಲೂಗಡ್ಡೆಯನ್ನೆಲ್ಲ ವರ್ಲನ್‌ನ ಕೋಳಿಗಳಿಗೆ ಸುರಿದಳು.

ಟಟಲ್ ಮತ್ತೆ ಬಂದ. ಕುರ್ಚಿಯಲ್ಲಿ ಒಬ್ಬ ಹೆಂಗಸು ಒದ್ದೆ ತಲೆಯಲ್ಲಿ ಕೂತಿದ್ದಳು. ಈ ಸಲ ಅವನ ಹಲ್ಲು ಕಾಣುತ್ತಿತ್ತು.

"ಸಿಸ್ಟರ್, ನಮ್ಮ ದೊಡ್ಡ ಸಮ್ಮೇಳನದಲ್ಲಿ ನೀವು ಎರಡು ಮಾತಾಡಬೇಕು. ಆ ವಿಡಿಯೋದಲ್ಲಿ ಹೇಳಿದ್ರಲ್ಲ, ಅಷ್ಟೇ ಸಾಕು."

"ಎಷ್ಟು? ನೀವು ಉಳಿಸ್ಕೊಂಡಷ್ಟಾ, ನಾನು ಹೇಳಿದಷ್ಟಾ?"

"ಮಿಕ್ಕಿದ್ದು ದುಃಖದಲ್ಲಿ ಬಂದಿದ್ದು. ಅದನ್ನ ಯಾರೂ ಮನಸ್ಸಿಗೆ ಹಚ್ಕೊಂಡಿಲ್ಲ."

"ನಾನು ಹಚ್ಕೊಂಡಿದ್ದೀನಿ," ಎಂದಳು ಆರ್ವಿಲ್ಲಾ. "ಆ ಹಾಲ್ವಿಗೂ ನಿಮಗೂ ಏನು ವ್ಯತ್ಯಾಸ ಪ್ರೆಸಿಡೆಂಟ್? ಅವಳ ಕೈಲಿ ಕಾಫಿ ಇತ್ತು, ಅಷ್ಟೇ. ಮೌನವೇ ಮದ್ದು ಅಂದಿದ್ರಲ್ಲ, ಈಗ ನೀವೇ ಎರಡು ಗುಟುಕು ಕುಡೀರಿ. ಹೊರಡಿ ಇಲ್ಲಿಂದ."

ಒದ್ದೆ ತಲೆಯ ಹೆಂಗಸು ಮುಖ ಒರೆಸಿಕೊಂಡು ಅರ್ಧಕ್ಕೇ ಎದ್ದು ಹೋದಳು. ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಕುರ್ಚಿಗಳು ಮತ್ತೆ ಖಾಲಿಯಾದವು.

ಡೆಲ್ಮಾರನ ಅಂಗಡಿಯೂ ಚೇತರಿಸಿಕೊಳ್ಳಲಿಲ್ಲ. ಬಿಷಪ್‌ಗಿರಿ ಹೋದವನ ಬಳಿ ಹಿಂಡಿ ಕೊಳ್ಳಲು ಊರಿನವರಿಗೆ ಮುಜುಗರ. ಹೊರಗಿನವರು ಕಾರು ನಿಧಾನಿಸಿ ಫೋಟೋ ತೆಗೆದು ಹೋಗುವುದು ನಿಲ್ಲಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಬೆಕ್‌ಸ್ಟ್ರಾಂಡ್ ಗಂಡಹೆಂಡಿರು ಐಡಾಹೋದಲ್ಲಿದ್ದ ಮಗನ ಊರಿಗೆ ಹೊರಟರು. ಸಾಮಾನು ತುಂಬುವ ದಿನ ಆರ್ವಿಲ್ಲಾ ಹೋದಳು. ಕರೆದಿರಲಿಲ್ಲ, ಹೋದಳು. ನೆಡ್ರಾ ಅಡುಗೆಮನೆಯ ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದಳು.

"ಪೂರ್ತಿ ನೋಡಿದೆ," ಎಂದಳು ನೆಡ್ರಾ. "ಸಾಲ್ಟ್ ಲೇಕಿಂದು. ಕತ್ತರಿಸಿದ್ದಲ್ಲ, ಪೂರ್ತಿ. ಸೊಸೆ ಹುಡುಕಿ ತೋರಿಸಿದ್ಲು."

"ಹಾಗಿದ್ರೆ ಗೊತ್ತಾಯ್ತಲ್ಲ."

"ಗೊತ್ತಾಯ್ತು. ಅದಕ್ಕೇನು ಈಗ, ತಬ್ಕೋಬೇಕಾ? ನೀನು ಅವರನ್ನ ಮನೆಯೊಳಗೆ ಬಿಡದೇ ಇದ್ದಿದ್ರೆ ನಾನಿವತ್ತು ಈ ಲೋಟಕ್ಕೆ ಪೇಪರ್ ಸುತ್ತುತ್ತಿರಲಿಲ್ಲ. ಇವರು ರಾತ್ರಿ ನಿದ್ದೆ ಮಾಡಲ್ಲ ಗೊತ್ತಾ? ಕಾರಿನ ಸದ್ದಾದ್ರೆ ಕಿಟಕಿಗೆ ಹೋಗ್ತಾರೆ."

ಆರ್ವಿಲ್ಲಾ ಒಂದು ಲೋಟ ತೆಗೆದುಕೊಂಡು ಸುತ್ತತೊಡಗಿದಳು. ನೆಡ್ರಾ ಅದನ್ನು ಕಿತ್ತುಕೊಂಡು, "ಹಾಗಲ್ಲ, ಒಡೆಯುತ್ತೆ," ಎಂದು ತಾನೇ ಬಿಚ್ಚಿ ಮತ್ತೆ ಸುತ್ತಿದಳು.

ಹೊರಗೆ ಡೆಲ್ಮಾರ್ ಟ್ರಕ್ಕಿನ ಹಿಂದೆ ಹಗ್ಗ ಬಿಗಿಯುತ್ತಿದ್ದ. ಮೈ ಇಳಿದುಹೋಗಿತ್ತು. ಆರ್ವಿಲ್ಲಾ ಹತ್ತಿರ ಹೋಗಿ ನಿಂತಳು. ಕ್ಷಮೆ ಕೇಳಬೇಕೆಂದು ಬಂದಿದ್ದಳು. ಅಷ್ಟರಲ್ಲಿ ಅವನೇ ಶುರು ಮಾಡಿದ.

"ನಿಂಗೆ ಒಂದು ಹೇಳಿಲ್ಲ ನಾನು. ಅವತ್ತು ಜಾನಲೀನ ಕರ್ಕೊಂಡು ಬರುವಾಗ ಹಿಂದೆ ಕಾಕಂಬಿ ಬೆರೆಸಿದ ಹಿಂಡಿ ಮೂಟೆ ಇತ್ತು. ಅವಳ ಬಟ್ಟೆ ಎಲ್ಲ ಅದರ ಮೇಲೇ ಹಾಕಿದ್ದೆ. ದಾರೀಲಿ ಅಳ್ತಾ ಇದ್ಲು. ಅಳ್ತಾ ಅಳ್ತಾ ಮೂಗೆಳೆದು, ಬಿಷಪ್, ನಾನು ನಮ್ಮಮ್ಮನ ಮನೆಗೆ ಹೋಗೋ ಹೊತ್ತಿಗೆ ಹಸು ಥರ ವಾಸನೆ ಬರ್ತೀನಿ, ಅಮ್ಮ ಕೊಟ್ಟಿಗೆಗೆ ಕಟ್ಟಿಬಿಡ್ತಾಳೆ ಅಂದ್ಲು. ಆಮೇಲೆ ನಗೋಕೆ ಶುರು ಮಾಡಿದ್ಲು ನೋಡು, ನಿಲ್ಲಿಸೋಕೇ ಆಗಲಿಲ್ಲ. ನಂಗೂ ನಗು. ಗಾಡಿ ಪಕ್ಕಕ್ಕೆ ಹಾಕಬೇಕಾಯ್ತು."

ಆರ್ವಿಲ್ಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡು ವರ್ಷದಲ್ಲಿ ಮಗಳ ವಿಷಯ ಎಷ್ಟೋ ಜನ ಮಾತಾಡಿದ್ದರು. ಅವಳು ನಕ್ಕದ್ದನ್ನು ಹೇಳಿದವರು ಇವನೊಬ್ಬನೇ.

"ಆ ಚಿತ್ರದವರಿಗೆ ಇದನ್ನ ಯಾಕೆ ಹೇಳಲಿಲ್ಲ?" ಎಂದಳು.

"ಯಾರೂ ಕೇಳಲಿಲ್ಲ," ಎಂದ ಡೆಲ್ಮಾರ್. "ಕೇಳಿದ್ರೂ ಹೇಳ್ತಿರಲಿಲ್ಲ."

ನೆಡ್ರಾ ಬಂದು ಟ್ರಕ್ಕು ಹತ್ತಿ ಕೂತು ಬಾಗಿಲು ಬಡಿದಳು. "ಹೊರಡೋಣ ರೀ," ಎಂದಳು. ಆರ್ವಿಲ್ಲಾಳ ಕಡೆ ನೋಡಲಿಲ್ಲ. ಟ್ರಕ್ಕು ದೊಡ್ಡ ರಸ್ತೆಗೆ ಹೊರಳಿತು.

ಚಳಿಗಾಲದಲ್ಲಿ ಚಿತ್ರದ ಎರಡನೇ ಭಾಗ ಬಂತು. ಆರ್ವಿಲ್ಲಾ ನೋಡಲಿಲ್ಲ. ಅದೇ ಉದ್ದ ಲಂಗ, ಅದೇ ಮಾತು ಮತ್ತೆ ಬಂದಿದೆಯೆಂದು ವರ್ಲನ್ ಹೇಳಿದ. ಮರುವಾರ ಮೈಕು ಹಿಡಿದ ಯುವಕನೊಬ್ಬ ಬಾಗಿಲು ತಟ್ಟಿ, "ಅಮ್ಮಾ, ನಿಮ್ಮ ಕಡೆಯ ಮಾತು ಹೇಳೋಕೆ ಒಂದು ಅವಕಾಶ," ಎಂದ.

"ಪೂರ್ತಿ ಹಾಕ್ತೀಯಾ?" ಎಂದು ಕೇಳಿದಳು.

"ಆದಷ್ಟೂ," ಎಂದ ಅವನು.

ಅವಳು ಬಾಗಿಲು ಹಾಕಿಕೊಂಡಳು.